ಹನ್ನೊಂದನೇ ಸೆಲ್

ನೆರಿಯದ ಒಂದು ಮನೆಯಿಂದ ಮೊದಲ ಫೋನ್ ಬಂದಾಗ ನಾನು ತೋಡಾರಿನ ನನ್ನ ಅಂಗಡಿಯಲ್ಲಿ ಯಾರದೋ ಇನ್ವರ್ಟರ್ ಬಿಚ್ಚಿಕೊಂಡು ಕುಳಿತಿದ್ದೆ. ಮಧ್ಯಾಹ್ನದ ಊಟದ ಹೊತ್ತು.

"ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಂಟು ಅಂತ ತೋರಿಸ್ತದೆ. ಆದ್ರೆ ಮಿಷನ್ ನಿಂತಿದೆ," ಎಂದರು ಆ ಮನೆಯಾಕೆ.

ಮಿಷನ್ ಎಂದರೆ ಅವರ ಗಂಡನಿಗೆ ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಯಂತ್ರ. ಆ ಮನುಷ್ಯ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಂಪುಕಲ್ಲಿನ ಕೋರೆಗಳಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಸಿದವರು. ಆ ಧೂಳೆಲ್ಲ ಶ್ವಾಸಕೋಶದಲ್ಲಿ ಕುಳಿತು, ಈಗ ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು. ಕಾಡಂಚಿನ ಆ ಊರಿನಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಬದುಕಲು ಆಗುವುದಿಲ್ಲ. ಹಾಗಾಗಿ ಎಂಟು ತಿಂಗಳ ಹಿಂದೆ ಅವರ ಮಾಡಿನ ಮೇಲೆ ಸೋಲಾರ್ ಹಲಗೆಗಳನ್ನು ಕೂರಿಸಿ, ಕೆಳಗೆ ನಾನೇ ಕೈಯಾರೆ ಕಟ್ಟಿದ ಲಿಥಿಯಂ ಬ್ಯಾಟರಿ ಇಟ್ಟುಬಂದಿದ್ದೆ. ಹಳೆಯ ಎಲೆಕ್ಟ್ರಿಕ್ ರಿಕ್ಷಾಗಳಿಂದ ಬಿಚ್ಚಿದ ಹದಿನಾರು ಸೆಲ್‌ಗಳು, ಒಂದೊಂದೂ ದಪ್ಪ ಪುಸ್ತಕದಷ್ಟು. ಒಂದರ ಹಿಂದೆ ಒಂದು ಜೋಡಿಸಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಗಿದದ್ದು. ಪೂರ್ತಿ ತುಂಬಿದರೆ ಮಿಷನ್ ಹನ್ನೆರಡು ಗಂಟೆ ನಡೆಯಬೇಕು.

ಅದೇ ಲಾಟಿನ ಸೆಲ್‌ಗಳಿಂದ ಇನ್ನೆರಡು ಬ್ಯಾಟರಿ ಕಟ್ಟಿದ್ದೆ. ಒಂದು ಬಂಟ್ವಾಳದಲ್ಲಿ ಹೊಲಿಗೆ ಕೆಲಸ ನಡೆಸುವ ಹೆಂಗಸಿನ ಮನೆಗೆ, ಇನ್ನೊಂದು ನನ್ನ ಸ್ವಂತ ಮನೆಗೆ.

ಸ್ಕೂಟರ್ ಬಿಟ್ಟು ಪಿಕಪ್ ತೆಗೆದುಕೊಂಡು ಹೊರಟೆ. ಮೂಡುಬಿದಿರೆ, ವೇಣೂರು, ಬೆಳ್ತಂಗಡಿ, ಉಜಿರೆ ದಾಟಿ ನೆರಿಯ ಮುಟ್ಟುವಾಗ ನಾಲ್ಕು ಗಂಟೆ. ಅಷ್ಟರಲ್ಲಿ ಕರೆಂಟ್ ಬಂದಿತ್ತು, ಮಿಷನ್ ಬುಸುಗುಡುತ್ತಿತ್ತು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಕುಳಿತಿದ್ದ ಯಜಮಾನರು ನನ್ನನ್ನು ನೋಡಿ ನಕ್ಕರು.

"ನಿಮ್ಮ ಪೆಟ್ಟಿಗೆಗೂ ನನ್ನ ಹಾಗೆ ದಮ್ಮು ಹಿಡಿದದ್ದು ಮಾರಾಯ್ರೆ," ಎಂದರು.

ಮುಚ್ಚಳ ತೆಗೆದು, ಲೋಡ್ ಕೊಟ್ಟು, ಮೀಟರಿನಲ್ಲಿ ಒಂದೊಂದೇ ಸೆಲ್ ಅಳೆದೆ. ಹದಿನೈದು ಸೆಲ್‌ಗಳು ಮೂರು ಪಾಯಿಂಟ್ ಎರಡು ಆರು ವೋಲ್ಟಿನಲ್ಲಿ ಆರಾಮಾಗಿದ್ದವು. ಹನ್ನೊಂದನೆಯದು ಮಾತ್ರ ಎರಡೂವರೆಗೆ ಇಳಿದಿತ್ತು. ಸರಣಿಯಲ್ಲಿ ಕಟ್ಟಿದ ಬ್ಯಾಟರಿಯ ಕಷ್ಟವೇ ಇದು. ಒಂದು ಸೆಲ್ ಖಾಲಿಯಾದರೆ, ಉಳಿದವುಗಳಲ್ಲಿ ಎಷ್ಟೇ ತುಂಬಿರಲಿ, ಕಾವಲು ಬೋರ್ಡು ಇಡೀ ಬ್ಯಾಟರಿಯನ್ನು ಕಡಿದುಬಿಡುತ್ತದೆ. ಕಡಿಯುವುದೇ ಅದರ ಕೆಲಸ. ಅದಕ್ಕೆ ಮನೆಯೊಳಗೆ ಯಾರು ಮಲಗಿದ್ದಾರೆ ಎಂಬುದು ಗೊತ್ತಿಲ್ಲ.

ಸೆಲ್‌ಗಳ ಮಟ್ಟ ತಪ್ಪಿದೆ, ಸರಿ ಮಾಡಿದರೆ ಆಯಿತು ಎಂದುಕೊಂಡೆ. ಹನ್ನೊಂದನೆಯದಕ್ಕೆ ಬೇರೆಯಾಗಿ ಚಾರ್ಜ್ ಕೊಟ್ಟು ಉಳಿದವುಗಳ ಮಟ್ಟಕ್ಕೆ ತಂದೆ. ಮತ್ತೆ ಹಾಗಾಗದಿರಲೆಂದು ಒಂದು ಬ್ಯಾಲೆನ್ಸರ್ ಬೋರ್ಡು ಕೂರಿಸಿದೆ. ಹೆಚ್ಚಿರುವ ಸೆಲ್‌ನಿಂದ ವಿದ್ಯುತ್ ತೆಗೆದು ಕಡಿಮೆಯಿರುವ ಸೆಲ್‌ಗೆ ತುಂಬುವುದು ಅದರ ಕೆಲಸ. ಹಗಲಿರುಳೂ ತನ್ನಷ್ಟಕ್ಕೆ ಮಾಡುತ್ತಿರುತ್ತದೆ. ಎರಡು ವಾರ ಬಿಟ್ಟು ಬಂದು ಅಳೆದಾಗ ಹದಿನಾರೂ ಸೆಲ್‌ಗಳು ಒಂದೇ ಗೆರೆಯಲ್ಲಿ ನಿಂತಿದ್ದವು. ಮೂರನೇ ದಶಾಂಶದಲ್ಲಿ ಮಾತ್ರ ವ್ಯತ್ಯಾಸ. ಅಷ್ಟು ಚಂದದ ಅಳತೆಯನ್ನು ಹಳೆಯ ಸೆಲ್‌ಗಳಲ್ಲಿ ನಾನು ಕಂಡಿರಲಿಲ್ಲ. ಖುಷಿಯಿಂದ ಬಂಟ್ವಾಳದ ಬ್ಯಾಟರಿಗೂ ನನ್ನ ಮನೆಯ ಬ್ಯಾಟರಿಗೂ ಅದೇ ಬೋರ್ಡು ಹಾಕಿದೆ.

ಎರಡು ತಿಂಗಳು ಯಾವ ಫೋನೂ ಬರಲಿಲ್ಲ.

ಆಮೇಲೆ ಬಂಟ್ವಾಳದ ಹೊಲಿಗೆಯಾಕೆ ಕರೆ ಮಾಡಿದರು. "ಪೆಟ್ಟಿಗೆಯ ಹತ್ತಿರ ಉಗುರಿನ ಬಣ್ಣ ತೆಗೆಯುವ ನೀರಿನ ಹಾಗೆ ವಾಸನೆ ಬರ್ತದೆ. ಸ್ವಲ್ಪ ಸಿಹಿ ಸಿಹಿ ವಾಸನೆ. ಎಂತದು ಅದು?"

ಆ ವಾಸನೆ ಏನೆಂದು ನನಗೆ ಗೊತ್ತಿತ್ತು. ಸೆಲ್‌ನ ಒಳಗಿನ ದ್ರವ ಹೊರಗೆ ಬಂದಾಗಿನ ವಾಸನೆ ಅದು. "ಮೈನ್ ಸ್ವಿಚ್ ಇಳಿಸಿ, ಎಲ್ಲರೂ ಹೊರಗೆ ಹೋಗಿ. ಪೆಟ್ಟಿಗೆ ಮುಟ್ಟಬೇಡಿ," ಎಂದು ಎರಡು ಸಲ ಹೇಳಿ ಹೊರಟೆ.

ಅವರು ಹೊರಗೆ ಹೋದದ್ದು ನಿಜ. ಆದರೆ ಮದುವೆ ಮನೆಯೊಂದರ ರವಿಕೆಗಳನ್ನೆಲ್ಲ ಹೊಲಿದು ಪೆಟ್ಟಿಗೆಯ ಪಕ್ಕದ ಕಪಾಟಿನಲ್ಲಿ ಮಡಚಿ ಇಟ್ಟಿದ್ದರಂತೆ. ಅವನ್ನು ತೆಗೆಯಲು ಮತ್ತೆ ಒಳಗೆ ಹೋಗಿದ್ದಾರೆ. ಅದೇ ಹೊತ್ತಿಗೆ ಉಬ್ಬಿದ ಸೆಲ್‌ನ ಮೇಲಿನ ಹೊದಿಕೆ ಹರಿದು, ಅದರ ಅಲ್ಯುಮಿನಿಯಂ ಮೈ ಕಬ್ಬಿಣದ ಪೆಟ್ಟಿಗೆಗೆ ತಾಗಿದೆ. ಬೆಳಕು ಮಿಂಚಿತು, ಮುಚ್ಚಳ ಹಾರಿತು, ಹೊಗೆ ಎದ್ದಿತು. ನಾನು ತಲುಪುವಾಗ ಅವರನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಬಲಗೈಯ ಮೊಣಕೈಯಿಂದ ಬೆರಳಿನವರೆಗೆ ಸುಟ್ಟಿತ್ತು. ಹೊಲಿಯುವ ಕೈ.

ಬೆಂಕಿ ದೊಡ್ಡದಾಗಿರಲಿಲ್ಲ, ನೆರೆಯವರು ಮರಳು ಸುರಿದು ಆರಿಸಿದ್ದರು. ನಾನು ದಪ್ಪ ಕೈಗವಸು ಹಾಕಿಕೊಂಡು ಸೆಲ್‌ಗಳನ್ನು ಒಂದೊಂದಾಗಿ ಬಿಡಿಸಿ ಅಂಗಳಕ್ಕೆ ತಂದೆ. ಆರನೆಯದು ಬೇಕರಿಯ ಬನ್ನಿನ ಹಾಗೆ ಉಬ್ಬಿ, ನೆತ್ತಿಯ ಕವಾಟ ಬಿರಿದಿತ್ತು.

ಆಸ್ಪತ್ರೆಯಲ್ಲಿ ಅವರು ನನ್ನನ್ನು ಬೈಯಲಿಲ್ಲ. "ಬಟ್ಟೆ ಎಲ್ಲ ಹಾಳಾಯ್ತಾ?" ಎಂದು ಕೇಳಿದರು. ಅರ್ಧ ಉಳಿದಿದೆ ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ನನಗೆ ಅರ್ಥವಾಗದ ವಿಷಯವೆಂದರೆ, ಹಿಂದಿನ ವಾರವಷ್ಟೇ ಅಲ್ಲಿ ಅಳತೆ ತೆಗೆದಿದ್ದೆ. ಆರನೇ ಸೆಲ್ ಉಳಿದವುಗಳಂತೆಯೇ ಇತ್ತು, ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲ. ಕೆಟ್ಟ ಸೆಲ್ ಇಷ್ಟು ಒಳ್ಳೆಯ ಅಳತೆ ಹೇಗೆ ಕೊಟ್ಟೀತು?

ಉಳಿದ ಸೆಲ್‌ಗಳನ್ನು ಅಂಗಡಿಗೆ ತಂದೆ. ಅದೇ ದಿನ ನನ್ನ ಮನೆಯ ಬ್ಯಾಟರಿಯನ್ನೂ ಬಿಚ್ಚಿದೆ. ನೆರಿಯಕ್ಕೂ ಫೋನ್ ಮಾಡಿದೆ. ವಾಸನೆ ಏನಾದರೂ ಇದೆಯೇ, ಪೆಟ್ಟಿಗೆ ಬಿಸಿಯಾಗಿದೆಯೇ ಎಂದು ಕೇಳಿದರೆ "ಎಂತದೂ ಇಲ್ಲ, ಒಳ್ಳೆದುಂಟು" ಎಂದರು. ದಿನಾ ಎರಡು ಸಲ ಪೆಟ್ಟಿಗೆ ಮುಟ್ಟಿ ನೋಡಿ, ಬಿಸಿ ಕಂಡರೆ ಸ್ವಿಚ್ ಇಳಿಸಿ ಎಂದು ಹೇಳಿದೆ. ನನ್ನಲ್ಲಿ ಎಲ್ಲ ಸೆಲ್‌ಗಳನ್ನೂ ಪೂರ್ತಿ ತುಂಬಿಸಿ, ಯಾವುದಕ್ಕೂ ಯಾವ ತಂತಿಯನ್ನೂ ಜೋಡಿಸದೆ, ಮೇಜಿನ ಮೇಲೆ ಸಾಲಾಗಿ ಬಿಟ್ಟೆ. ಬ್ಯಾಲೆನ್ಸರ್ ಇಲ್ಲ, ಕಾವಲು ಬೋರ್ಡು ಇಲ್ಲ. ಒಂದು ವಾರ ಸುಮ್ಮನೆ ಇಡುವುದು, ದಿನಾ ಬೆಳಿಗ್ಗೆ ಅಳೆಯುವುದು.

ಈ ಜಾತಿಯ ಸೆಲ್ ಬೇಗ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ತುಂಬಿದಾಗಲೂ ಅರ್ಧವಿದ್ದಾಗಲೂ ವೋಲ್ಟೇಜು ಹೆಚ್ಚುಕಡಿಮೆ ಒಂದೇ. ಪೂರ್ತಿ ತುದಿಯಲ್ಲಿ ಮತ್ತು ಪೂರ್ತಿ ಬುಡದಲ್ಲಿ ಮಾತ್ರ ಬಣ್ಣ ಬಯಲಾಗುತ್ತದೆ. ನಾಲ್ಕನೇ ದಿನದವರೆಗೆ ಏನೂ ಕಾಣಲಿಲ್ಲ. ಅಳತೆಗಳನ್ನು ಬರೆದುಕೊಳ್ಳುತ್ತಿದ್ದವಳು ನನ್ನ ಹೆಂಡತಿ. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಐದನೇ ದಿನ ಅವಳು ಪೆನ್ನು ನಿಲ್ಲಿಸಿ, "ಇದನ್ನು ಇನ್ನೊಮ್ಮೆ ಅಳೆಯಿರಿ," ಎಂದಳು. ಅಳೆದೆ. ಮೂರು ಪಾಯಿಂಟ್ ಎರಡು ಒಂಬತ್ತು. ಪಕ್ಕದವು ಮೂರು ಪಾಯಿಂಟ್ ಮೂರು ಮೂರು. ಏಳನೇ ದಿನಕ್ಕೆ ನಮ್ಮ ಮನೆಯ ಹದಿನಾರರಲ್ಲಿ ಮೂರು ಸೆಲ್‌ಗಳು ಕೆಳಗಿಳಿದಿದ್ದವು. ಬಂಟ್ವಾಳದವುಗಳಲ್ಲಿ ಇನ್ನೂ ಹೆಚ್ಚು.

ಒಳಗೊಳಗೇ ಸೋರುವ ಸೆಲ್‌ಗಳು ಅವು. ಬೋರ್ಡು ಹಗಲಿರುಳು ಪಕ್ಕದವುಗಳಿಂದ ಕಿತ್ತು ಅವುಗಳಿಗೆ ತುಂಬಿಸುತ್ತಿತ್ತು. ಸೋರಿಕೆ ಹೆಚ್ಚಾದಂತೆ ತುಂಬಿಸುವುದೂ ಹೆಚ್ಚುತ್ತಿತ್ತು. ಹೊರಗಿನಿಂದ ಅಳೆದರೆ ಎಲ್ಲವೂ ಸಮ.

"ಸಮ ಇದೆ ಅಂತ ನಾವು ಸಂತೋಷಪಟ್ಟದ್ದು," ಎಂದಳು ಹೆಂಡತಿ. "ಯಾರು ಯಾರಿಗೆ ತುಂಬಿಸ್ತಾ ಇದ್ದಾರೆ ಅಂತ ಕೇಳಲಿಲ್ಲ." ನಾವು ಎಂದಳು. ಬೋರ್ಡು ಹಾಕಿದವನು ನಾನೊಬ್ಬನೇ.

ಮೊದಲ ಸಲ ಹನ್ನೊಂದನೇ ಸೆಲ್ ಇಳಿದಾಗ ಅದು ನನಗೆ ಹೇಳಬೇಕಾದ್ದನ್ನು ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿ ಬಂದಿದ್ದೆ.

ಇನ್ನು ಒಂದು ಪರೀಕ್ಷೆ ಬಾಕಿ ಇತ್ತು. ಸೋರದ ಸೆಲ್‌ಗಳಲ್ಲಿ ನಿಜವಾಗಿ ಎಷ್ಟು ಹಿಡಿಯುತ್ತದೆ ಎಂದು ತಿಳಿಯಲು ಅವನ್ನು ಪೂರ್ತಿ ಖಾಲಿ ಮಾಡಿ ಅಳೆಯುವುದು. ಕ್ರಮ ಅದೇ, ಕ್ರಮದಂತೆಯೇ ಮಾಡಿದೆ. ಬುಧವಾರದ ಹೊತ್ತಿಗೆ ನನ್ನ ಮನೆಯ ಹದಿಮೂರು, ಬಂಟ್ವಾಳದ ಪೆಟ್ಟಿಗೆಯಲ್ಲಿ ಬೆಂಕಿಯಿಂದ ದೂರದ ತುದಿಯಲ್ಲಿದ್ದ ಮೂರು, ಒಟ್ಟು ಹದಿನಾರು ನಂಬುವಂಥ ಸೆಲ್‌ಗಳು ಮೇಜಿನ ಮೇಲಿದ್ದವು. ಹದಿನಾರೂ ಖಾಲಿ.

ಅವತ್ತು ಬೆಳಿಗ್ಗೆ ನೆರಿಯಕ್ಕೆ ಹೊರಟಾಗ ಬ್ಯಾಲೆನ್ಸರ್ ಬೋರ್ಡನ್ನು ಕಳಚಿ, ಹನ್ನೊಂದನೇ ಸೆಲ್ ಹೇಗಿದೆ ಎಂದು ನೋಡಿ ಬರುವುದಷ್ಟೇ ನನ್ನ ಲೆಕ್ಕದಲ್ಲಿತ್ತು. ಹೊಸದನ್ನು ಸಿದ್ಧ ಮಾಡಿ ಮುಂದಿನ ವಾರ ಬದಲಿಸಿದರಾಯಿತು ಎಂದುಕೊಂಡಿದ್ದೆ. ಆದರೂ ಮನಸ್ಸು ತಡೆಯದೆ ಅಂಗಡಿಯಲ್ಲಿದ್ದ ಒಂದು ಸಾಧಾರಣ ಇನ್ವರ್ಟರನ್ನೂ ಒಂದು ಆ್ಯಸಿಡ್ ಬ್ಯಾಟರಿಯನ್ನೂ ಪಿಕಪ್ಪಿಗೆ ಹಾಕಿಕೊಂಡೆ.

ಪೆಟ್ಟಿಗೆ ಯಜಮಾನರ ಮಂಚದಿಂದ ನಾಲ್ಕು ಅಡಿ ದೂರದಲ್ಲಿತ್ತು, ಒಳಕೋಣೆಯ ಗೋಡೆಗೆ ತಾಗಿ. ಮುಟ್ಟಿದರೆ ತಣ್ಣಗೆ. ಮುಚ್ಚಳ ತೆಗೆದು ಬೆರಳಿಟ್ಟುಕೊಂಡು ಹೋದೆ. ಒಂದರಿಂದ ಹತ್ತರವರೆಗೆ ತಣ್ಣಗೆ. ಹನ್ನೊಂದು ಉಗುರುಬೆಚ್ಚಗಿತ್ತು, ಮಗುವಿನ ಹಣೆಯ ಹಾಗೆ. ಅದರ ಮೈಯ ಮೇಲೆ ಉಕ್ಕಿನ ಅಳತೆಪಟ್ಟಿ ಅಡ್ಡ ಇಟ್ಟರೆ ಪಟ್ಟಿ ಎರಡೂ ಬದಿಗೆ ತೊನೆಯಿತು. ಉಬ್ಬು ಶುರುವಾಗಿತ್ತು. ವೋಲ್ಟೇಜು ಮಾತ್ರ ಉಳಿದವುಗಳಷ್ಟೇ.

ನಾನು ಸ್ವಿಚ್ ಇಳಿಸಿದೆ. ಕರೆಂಟ್ ಇದ್ದುದರಿಂದ ಮಿಷನ್ ನಿಲ್ಲಲಿಲ್ಲ.

"ಇದನ್ನು ಇಲ್ಲಿ ಇಡ್ಲಿಕ್ಕೆ ಆಗುವುದಿಲ್ಲ," ಎಂದೆ. ಬಂಟ್ವಾಳದಲ್ಲಿ ಆದದ್ದನ್ನೂ ಹೇಳಿದೆ. ಮುಚ್ಚಿಡಲಿಲ್ಲ.

ಮನೆಯಾಕೆ ಬೀಡಿ ಕಟ್ಟುತ್ತಿದ್ದ ಮೊರವನ್ನು ಬದಿಗಿಟ್ಟು ಎದ್ದು ಬಂದರು. "ಇವತ್ತು ಕೊಂಡು ಹೋದ್ರೆ ಯಾವಾಗ ತರ್ತೀರಿ?"

"ಮೂರು ದಿನ. ಶನಿವಾರ."

"ಮೂರು ದಿನ ಕರೆಂಟ್ ಇರ್ತದಾ? ನೀವು ಬರೆದು ಕೊಡ್ತೀರಾ?"

ಸೋಲಾರ್ ಹಲಗೆಗಳ ವೋಲ್ಟೇಜು ನಾನು ತಂದ ಸಣ್ಣ ಇನ್ವರ್ಟರಿಗೆ ಹೊಂದುವುದಿಲ್ಲ, ಅದು ಕರೆಂಟಿನಲ್ಲಿ ಮಾತ್ರ ತುಂಬುತ್ತದೆ. ಒಮ್ಮೆ ತುಂಬಿದರೆ ನಾಲ್ಕು ಗಂಟೆ ಮಿಷನ್ ನಡೆಸಬಹುದು. ಮನೆಯಲ್ಲಿ ಆಸ್ಪತ್ರೆಯಿಂದ ಕೊಟ್ಟ ಒಂದು ಸಣ್ಣ ಸಿಲಿಂಡರ್ ಇತ್ತು, ಅದು ಹನ್ನೆರಡು ಗಂಟೆಗೆ. ಒಟ್ಟು ಹದಿನಾರು ಗಂಟೆ. ಆ ವರ್ಷ ಅಲ್ಲಿ ಕರೆಂಟ್ ಹೋದದ್ದೆಲ್ಲ ಐದಾರು ಗಂಟೆಯೊಳಗೆ ಬಂದಿತ್ತು. ಅಷ್ಟರ ಮೇಲೆ ನಾನು ಲೆಕ್ಕ ಹಾಕಿದೆ. ಮೂರು ದಿನ ಆಸ್ಪತ್ರೆಗೆ ಸೇರಿಸುವುದಾದರೆ ನಾನೇ ಬಿಟ್ಟುಬರುತ್ತೇನೆ ಎಂದೂ ಹೇಳಿದೆ. ಯಜಮಾನರು ಬೇಡವೆಂದು ತಲೆ ಅಲ್ಲಾಡಿಸಿದರು.

"ಹೆಚ್ಚು ಹೇಳುವುದು ಬೇಡ. ಹನ್ನೊಂದನೆಯದನ್ನು ತೆಗೆದು ಉಳಿದದ್ದು ಇಡ್ಲಿಕ್ಕೆ ಆಗುವುದಿಲ್ವಾ?" ಎಂದು ಆಕೆ ಕೇಳಿದರು. ಬೀಡಿಯ ಕಟ್ಟಿನಿಂದ ಹುಳುಕು ತೆಗೆಯುವವರ ಪ್ರಶ್ನೆ, ಸರಿಯಾದ ಪ್ರಶ್ನೆಯೇ. ಆದರೆ ಉಳಿದ ಹದಿನೈದರಲ್ಲಿ ಯಾವುದು ಸೋರುತ್ತದೆ ಎಂದು ತಿಳಿಯಲು ಒಂದು ವಾರ ಸುಮ್ಮನೆ ಬಿಡಬೇಕು. ಅಲ್ಲಿಯವರೆಗೆ ಅದು ಆ ಕೋಣೆಯಲ್ಲೇ ಇರಬೇಕು. ಹಾಗೆಂದು ಹೇಳಿದೆ.

ಯಜಮಾನರು ಅಷ್ಟು ಹೊತ್ತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಒಂದು ವಾಕ್ಯ ಮುಗಿಸಲು ಅವರಿಗೆ ಎರಡು ಸಲ ಉಸಿರು ಬೇಕಾಗುತ್ತಿತ್ತು.

"ಕೊಂಡು ಹೋಗಿ," ಎಂದರು. "ಬೆಂಕಿ ಹತ್ತಿದ್ರೆ ಅವಳು ಓಡಬಹುದು. ಆದ್ರೆ ಅವಳು ಓಡುವವಳಲ್ಲ. ನನ್ನನ್ನು ಎಳೀಲಿಕ್ಕೆ ನಿಲ್ತಾಳೆ."

"ನಾನು ಬೇಡ ಅಂತ ಹೇಳ್ತೇನೆ," ಎಂದರು ಆಕೆ, ನನ್ನ ಕಡೆ ನೋಡಿ. ಗಂಡನ ಕಡೆ ನೋಡಲಿಲ್ಲ.

ನಾನು ಪೆಟ್ಟಿಗೆ ಬಿಚ್ಚಿದೆ. ಸಣ್ಣ ಇನ್ವರ್ಟರ್ ಕೂರಿಸಿ, ಮಿಷನ್ ಅದಕ್ಕೆ ಕೊಟ್ಟು, ಕರೆಂಟ್ ಕಡಿದು ನಡೆಯುತ್ತದೆಯೇ ಎಂದು ನೋಡಿದೆ. ನಡೆಯಿತು. ಸಿಲಿಂಡರಿನ ಮುಳ್ಳು ಪೂರ್ತಿ ತೋರಿಸುತ್ತಿತ್ತು. ಹದಿನಾರು ಗಂಟೆ, ಹದಿನಾರು ಗಂಟೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕಕ್ಕಿಂಜೆಯವರೆಗೆ ಗಾಡಿ ಓಡಿಸಿದೆ.

ಅಂಗಡಿ ಮುಟ್ಟಿದೊಡನೆ ಹನ್ನೊಂದನೇ ಸೆಲ್ ಬಿಡಿಸಿ ಹಿತ್ತಲಿನಲ್ಲಿ ಮರಳು ತುಂಬಿದ ಡ್ರಮ್ಮಿನಲ್ಲಿ ಹೂತೆ. ಆಮೇಲೆ ಹದಿನಾರು ಖಾಲಿ ಸೆಲ್‌ಗಳನ್ನು ಸರಣಿಯಲ್ಲಿ ಕಟ್ಟಿ ದೊಡ್ಡ ಚಾರ್ಜರಿಗೆ ಕೊಟ್ಟೆ. ಬೇಗ ತುಂಬಲು ಇದೇ ದಾರಿ. ಮೊದಲ ಸೆಲ್ ತುದಿ ಮುಟ್ಟಿದಾಗ ನಿಲ್ಲಿಸಿ, ಎಲ್ಲವನ್ನೂ ಬಿಚ್ಚಿ, ಪಕ್ಕಪಕ್ಕದಲ್ಲಿ ಸಮಾನಾಂತರವಾಗಿ ಜೋಡಿಸಿ, ಸಣ್ಣ ವೋಲ್ಟೇಜಿನಲ್ಲಿ ನಿಧಾನವಾಗಿ ತುಂಬಿಸಬೇಕು. ಆಗ ಹದಿನಾರೂ ಒಂದೇ ಕೆರೆಯ ನೀರಿನ ಹಾಗೆ ಒಟ್ಟಿಗೆ ಏರಿ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಬೋರ್ಡಿನ ಮೋಸ ಇಲ್ಲದ ಸಮತೋಲನ ಅದು. ಆದರೆ ಅದಕ್ಕೆ ಹೊತ್ತು ಬೇಕು.

ಗುರುವಾರ ಬೆಳಿಗ್ಗೆ ಗಾಳಿ ಎದ್ದಿತು. ತೋಡಾರಿನಲ್ಲಿ ಎಂಟಕ್ಕೆ ಹೋದ ಕರೆಂಟ್ ಬಂದದ್ದು ಒಂದಕ್ಕೆ, ಮತ್ತೆ ಎರಡಕ್ಕೆ ಹೋಯಿತು. ಮನೆಯ ಸ್ವಂತ ಬ್ಯಾಟರಿ ಮೇಜಿನ ಮೇಲೆ ಬಿಚ್ಚಿ ಬಿದ್ದಿದ್ದರಿಂದ ನನಗೂ ಬೇರೆ ಗತಿ ಇರಲಿಲ್ಲ. ಸರಣಿಯ ಚಾರ್ಜು ಮುಗಿದು, ತಾಮ್ರದ ಪಟ್ಟಿಗಳನ್ನು ಉಜ್ಜಿ ಸಮಾನಾಂತರವಾಗಿ ಜೋಡಿಸುವಾಗ ಗುರುವಾರ ಸಂಜೆ. ನೆರಿಯಕ್ಕೆ ಫೋನ್ ಮಾಡಿದೆ. "ಕರೆಂಟ್ ಹೋಗಿ ಬಂದು ಮಾಡ್ತದೆ. ನಡೀತಾ ಉಂಟು," ಎಂದರು ಆಕೆ, ಬೇರೆ ಮಾತಿಲ್ಲದೆ.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ನೋಡಿದಾಗ ಮೀಟರಿನಲ್ಲಿ ಮೂರು ಪಾಯಿಂಟ್ ಐದು ಎಂಟು. ಹದಿನಾರೂ ಒಂದೇ ಅಂಕಿ. ಆದರೆ ಚಾರ್ಜರಿನಿಂದ ಇನ್ನೂ ಐದು ಆಂಪಿಯರ್ ಹೋಗುತ್ತಿತ್ತು. ಅದರ ಅರ್ಥ ಮೇಲ್ಮೈ ಮಾತ್ರ ಸಮವಾಗಿದೆ, ಒಳಗೆ ಇನ್ನೂ ಹಸಿವಿದೆ. ಆಂಪಿಯರ್ ಒಂದಕ್ಕಿಂತ ಕೆಳಗೆ ಬರುವವರೆಗೆ ಕಾಯಬೇಕೆಂದು ಕ್ರಮ.

ನೆರಿಯಕ್ಕೆ ಫೋನ್ ಮಾಡಿದೆ. ವ್ಯಾಪ್ತಿಯ ಹೊರಗೆ ಎಂಬ ಧ್ವನಿ. ಮಳೆ ಬಂದಾಗ ಆ ಕಡೆ ಅದು ಹೊಸದಲ್ಲ. ಮತ್ತೆ ಮಾಡಿದೆ, ಮತ್ತೆ ಅದೇ.

"ಈಗಲೇ ಕಟ್ಟಿ ಕೊಂಡುಹೋದ್ರೆ ಆಗುವುದಿಲ್ವಾ?" ಎಂದಳು ಹೆಂಡತಿ.

"ಅರ್ಧ ಸಮ ಮಾಡಿ ಕೊಟ್ಟು ಅಲ್ಲಿ ಮತ್ತೆ ಒಂದು ಸೆಲ್ ಮೊದಲು ಇಳಿದರೆ? ಮತ್ತೆ ಕಡಿದು ಹೋದರೆ?"

"ಕಡಿದು ಹೋಗುವವರೆಗಾದರೂ ನಡೀತದಲ್ಲ."

ಬಂಟ್ವಾಳದ ಕೈ ನನ್ನ ಕಣ್ಣ ಮುಂದಿತ್ತು. ಇನ್ನೊಮ್ಮೆ ಅವಸರ ಮಾಡಬಾರದು, ಇದೊಂದನ್ನಾದರೂ ಪುಸ್ತಕದಲ್ಲಿ ಬರೆದ ಹಾಗೆ ಮಾಡಿ ಮುಗಿಸಬೇಕು ಎಂಬ ಹಟ ಹತ್ತಿತ್ತು. ಶನಿವಾರ ಎಂದು ಹೇಳಿದ್ದೇನೆ, ಶನಿವಾರ ಕೊಡುತ್ತೇನೆ. ಹಾಗೆ ತೀರ್ಮಾನಿಸಿದೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಎಲ್ಲ ತೀರ್ಮಾನಗಳಲ್ಲಿ ಹಿಂದಕ್ಕೆ ಹೋಗಿ ಒಂದನ್ನು ಬದಲಿಸಬಹುದು ಎಂದರೆ ಇದನ್ನೇ ಬದಲಿಸುತ್ತೇನೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಚಾರ್ಜರಿನಿಂದ ಹೋಗುವುದು ಅರ್ಧ ಆಂಪಿಯರಿಗೆ ಇಳಿದಿತ್ತು. ಒಂದು ಗಂಟೆ ಸುಮ್ಮನೆ ಬಿಟ್ಟು ಅಳೆದೆ. ಹದಿನಾರು ಸೆಲ್‌ಗಳು, ಒಂದೇ ಮಟ್ಟ, ಈ ಸಲ ಅವುಗಳ ಸ್ವಂತ ಬಲದ ಮೇಲೆ. ಮರದ ಹಲಗೆಗಳ ನಡುವೆ ಬಿಗಿದು, ಸೆಲ್ ಸೆಲ್‌ಗಳ ನಡುವೆ ದಪ್ಪ ನಾರಿನ ಹಾಳೆ ಇಟ್ಟು, ನಟ್ಟುಗಳನ್ನು ಬಿಗಿತ ಅಳೆಯುವ ಸ್ಪ್ಯಾನರಿನಲ್ಲಿ ತಿರುಗಿಸಿ, ಕಬ್ಬಿಣದ ಪೆಟ್ಟಿಗೆಯ ಬದಲು ಸಿಮೆಂಟ್ ಶೀಟಿನ ಪೆಟ್ಟಿಗೆಯಲ್ಲಿ ಕೂರಿಸಿದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಬ್ಯಾಟರಿ ಹಿಂದೆಂದೂ ಆಗಿರಲಿಲ್ಲ.

ಹನ್ನೊಂದಕ್ಕೆ ಹೊರಟೆ. ಉಜಿರೆ ದಾಟಿದ ಮೇಲೆ ರಸ್ತೆಯುದ್ದಕ್ಕೂ ಮುರಿದ ಗೆಲ್ಲುಗಳು. ಚಾರ್ಮಾಡಿ ಕಡೆಯ ಲಾರಿಗಳು ಸಾಲಾಗಿ ನಿಂತಿದ್ದವು. ನೆರಿಯದ ದಾರಿಯಲ್ಲಿ ಒಂದು ದೊಡ್ಡ ಮರವನ್ನು ಕೊಯ್ದು ಎರಡೂ ಬದಿಗೆ ಉರುಳಿಸಿದ್ದರು, ಹಸಿ ಮರದ ಹುಡಿ ಡಾಮರಿನ ಮೇಲೆ ಹಳದಿಯಾಗಿ ಹರಡಿತ್ತು. ಲೈನಿನ ಕಂಬಗಳು ಗದ್ದೆಗೆ ಬಾಗಿದ್ದವು.

ಆ ಮನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ನನಗೆ ಮೊದಲು ಸಮಾಧಾನವೇ ಆಯಿತು, ಆಸ್ಪತ್ರೆಗೆ ಕರೆದೊಯ್ಯಲು ಬಂದಿದೆ ಎಂದು. ಆಮೇಲೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕುತ್ತಿದ್ದವರು ಕಂಡರು.

ಮನೆಯಾಕೆಯ ತಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮರ ಬಿದ್ದು ಲೈನು ಹೋಯಿತು. ಸಣ್ಣ ಇನ್ವರ್ಟರ್ ನಡೆದದ್ದು ಮೂರು ಗಂಟೆ. ಹಿಂದಿನ ದಿನ ಅದು ಪೂರ್ತಿ ತುಂಬಿರಲಿಲ್ಲ. ಸಿಲಿಂಡರನ್ನು ಕಡಿಮೆ ಇಟ್ಟು ಇಟ್ಟು ಶನಿವಾರ ಬೆಳಕು ಹರಿಯುವವರೆಗೆ ಎಳೆದರು. ಫೋನ್ ಇಲ್ಲ, ದಾರಿ ಇಲ್ಲ. ಬೆಳಿಗ್ಗೆ ನಾಲ್ಕು ಜನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮರ ದಾಟಿಸಿ ಜೀಪಿಗೆ ಹಾಕಿದರು. ಉಜಿರೆ ಮುಟ್ಟುವ ಮೊದಲೇ ತೀರಿಹೋದರು. ಆಂಬುಲೆನ್ಸ್ ಬಂದದ್ದು ದೇಹವನ್ನು ಮನೆಗೆ ತರಲು.

"ಶುಕ್ರವಾರ ಸಂಜೆ ಮರದ ಆಚೆಗೆ ಎರಡು ಮೂರು ಗಾಡಿ ಬಂದು ತಿರುಗಿ ಹೋದವು," ಎಂದರು ತಮ್ಮ. "ನೀವಾ ಅಂತ ಅಕ್ಕ ಪ್ರತಿ ಸಲ ಹೊರಗೆ ಬಂದು ನೋಡಿದಳು."

ಮನುಷ್ಯನನ್ನು ಕುರ್ಚಿಯಲ್ಲಿ ದಾಟಿಸಬಹುದಾದ ಮರದ ಮೇಲಿಂದ ಒಂದು ಪೆಟ್ಟಿಗೆಯನ್ನೂ ದಾಟಿಸಬಹುದಿತ್ತು. ನಾನು ಪಿಕಪ್ಪಿನ ಟಾರ್ಪಾಲನ್ನು ಎಳೆದು ಬ್ಯಾಟರಿಯನ್ನು ಪೂರ್ತಿ ಮುಚ್ಚಿದೆ. ಒಳಗೆ ಹೋಗಿ ಅವರ ಪಾದದ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಆಕೆ ನನ್ನನ್ನು ನೋಡಿದರು. ಮಿಷನ್ನಿನ ನಳಿಗೆಯನ್ನು ಯಾರೋ ಸುತ್ತಿ ಅದರ ಮೇಲೆಯೇ ಇಟ್ಟಿದ್ದರು.

ಕಸುಬಿನ ಪ್ರಕಾರ ಹನ್ನೊಂದನೇ ಸೆಲ್ಲನ್ನು ತಂದ ದಿನವೇ ಪೂರ್ತಿ ಖಾಲಿ ಮಾಡಬೇಕಿತ್ತು. ಮಾಡಲಿಲ್ಲ. ಮೊದಲು ಪುರುಸೊತ್ತು ಇರಲಿಲ್ಲ. ಆಮೇಲೆ ಅಭ್ಯಾಸಕ್ಕೆ ಬೇಕಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗಿ, ಮರಳು ಸರಿಸಿ, ಅಳತೆಪಟ್ಟಿ ಇಟ್ಟು ನೋಡುತ್ತಿದ್ದೆ. ಉಬ್ಬು ಹಾಗೆಯೇ ಇತ್ತು. ಒಂದು ಕಾಗದದ ದಪ್ಪದಷ್ಟೂ ಹೆಚ್ಚಲಿಲ್ಲ.

ಒಂದೂವರೆ ತಿಂಗಳ ಮೇಲೆ ಆಕೆ ತಮ್ಮನ ಜೊತೆ ಅಂಗಡಿಗೆ ಬಂದರು. ಗಂಡ ಕೆಲಸ ಮಾಡಿದ್ದ ಕೋರೆಯ ಏನೋ ಕಾಗದಪತ್ರಕ್ಕೆಂದು ಮೂಡುಬಿದಿರೆಗೆ ಬಂದವರು ಅಲ್ಲಿಂದ ಬಸ್ಸು ಹಿಡಿದು ತೋಡಾರಿಗೆ ಬಂದಿದ್ದರು. ಹೆಂಡತಿ ಕುರ್ಚಿ ಕೊಟ್ಟಳು. ಆಕೆ ನೀರು ಕುಡಿದು ನೇರವಾಗಿ ಕೇಳಿದರು.

"ಅದು ಹತ್ತಿತಾ?"

"ಯಾವುದು?" ಎಂದೆ, ಗೊತ್ತಿದ್ದೂ.

"ನೀವು ಕೊಂಡುಬಂದದ್ದು. ಬಿಸಿ ಇದ್ದದ್ದು."

"ಇಲ್ಲ. ಹಾಗೆಯೇ ಉಂಟು."

ನೋಡಬೇಕು ಎಂದರು. ಹಿತ್ತಲಿಗೆ ಕರೆದೊಯ್ದು ಮರಳು ಸರಿಸಿ ತೋರಿಸಿದೆ. ನೀಲಿ ಹೊದಿಕೆಯ ಮೇಲೆ ನಾನೇ ಬರೆದ ಹನ್ನೊಂದು ಎಂಬ ಅಂಕಿ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ನಮ್ಮಲ್ಲೇ ಇಟ್ಟಿದ್ರೂ ಹತ್ತುತ್ತಿರಲಿಲ್ಲವೋ ಏನೋ," ಎಂದರು.

"ಗೊತ್ತಿಲ್ಲ," ಎಂದೆ. "ನಿಮ್ಮಲ್ಲಿ ಅದಕ್ಕೆ ಆ ಬೋರ್ಡು ತುಂಬಿಸ್ತಾ ಇತ್ತು. ಇಲ್ಲಿ ಯಾರೂ ತುಂಬಿಸ್ತಾ ಇಲ್ಲ. ಅಲ್ಲಿದ್ದರೆ ಏನಾಗ್ತಿತ್ತು ಅಂತ ನನಗೆ ನಿಜವಾಗಿ ಗೊತ್ತಿಲ್ಲ." ಕೈಯ ಮರಳು ಕೊಡವಿಕೊಂಡೆ. "ಶುಕ್ರವಾರ ಮಧ್ಯಾಹ್ನ ನಾನು ಹೊರಡಬಹುದಿತ್ತು. ಬ್ಯಾಟರಿ ನಡೆಯುವಷ್ಟು ತುಂಬಿತ್ತು. ಪೂರ್ತಿ ಆಗಲಿ ಅಂತ ಕಾದೆ."

ಅವರ ತಮ್ಮ ನನ್ನನ್ನು ದಿಟ್ಟಿಸಿದರು. ಆಕೆ ಮರಳನ್ನೇ ನೋಡುತ್ತಿದ್ದರು.

"ಅವರು ಕೊಂಡು ಹೋಗಿ ಅಂದ್ರು. ನಾನು ಬೇಡ ಅಂದೆ. ನೀವು ಅವರ ಮಾತು ಕೇಳಿದ್ರಿ," ಎಂದರು ಕೊನೆಗೆ. "ಅದಕ್ಕೆ ನಾನೇನೂ ಹೇಳುವುದಿಲ್ಲ. ಶುಕ್ರವಾರದ್ದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು."

ಆಮೇಲೆ ಕೇಳಿದರು, "ನೀವು ದಿನಾ ಬಂದು ಇದನ್ನು ನೋಡ್ತೀರಾ?"

ಹೌದು ಎಂದೆ.

"ಉಬ್ಬಲಿ ಅಂತ ನೋಡ್ತೀರಿ. ಅಲ್ವಾ?"

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಒಂದೂವರೆ ತಿಂಗಳು ಅವಳು ಕೇಳದೆ ಬಿಟ್ಟ ಪ್ರಶ್ನೆ ಅದು. ನಾನು ಹೌದೆಂದು ತಲೆಯಾಡಿಸಿದೆ. ಅದು ಉಬ್ಬಿ ಬಿರಿದರೆ ನಾನು ಮಾಡಿದ್ದು ಸರಿ ಎಂದಾಗುತ್ತಿತ್ತು. ಪ್ರತಿ ಬೆಳಿಗ್ಗೆ ಅದಕ್ಕೇ ಹೋಗುತ್ತಿದ್ದೆ.

"ಇದನ್ನು ಮುಗಿಸಿ," ಎಂದರು ಆಕೆ. "ನಾನು ಇರುವಾಗಲೇ ಮುಗಿಸಿ. ನೀವು ಒಬ್ಬರೇ ಆದ್ರೆ ಇಟ್ಟುಕೊಳ್ತೀರಿ."

ಕರೆಂಟ್ ಒಲೆಯ ಹಳೆಯ ಸುರುಳಿತಂತಿಯ ಒಂದು ತುಂಡನ್ನು ಸೆಲ್‌ನ ಎರಡು ತುದಿಗಳಿಗೆ ಬಿಗಿದು, ಸುರುಳಿಯನ್ನು ನೀರಿನ ಬಾಲ್ದಿಯಲ್ಲಿ ಇಳಿಬಿಟ್ಟೆ. ಮೀಟರ್ ಜೋಡಿಸಿದೆ. ಮೂರು ಪಾಯಿಂಟ್ ಒಂದು. ತಂತಿಯ ಮೈಯಿಂದ ಸಣ್ಣ ಗುಳ್ಳೆಗಳು ಎದ್ದವು. ಆಕೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತರು. ಬಸ್ಸಿನ ಹೊತ್ತಾಯಿತು ಎಂದರು ತಮ್ಮ. ಇನ್ನೊಂದು ಬಸ್ಸು ಉಂಟಲ್ಲ ಎಂದರು ಆಕೆ.

ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಬಹಳ ಹೊತ್ತು ಅಂಕಿ ಕದಲಲೇ ಇಲ್ಲ, ಆಮೇಲೆ ಒಮ್ಮೆಲೇ ಇಳಿಯತೊಡಗಿತು. ಎರಡೂವರೆ, ಎರಡು, ಒಂದು. ನಾನು ಓದಿ ಹೇಳುತ್ತಿದ್ದೆ, ಅವರು ಹೂಂ ಅನ್ನುತ್ತಿದ್ದರು. ಸೊನ್ನೆಯ ಹತ್ತಿರ ಬಂದಾಗ ಅವರೇ ಎದ್ದು ಬಂದು ಮೀಟರ್ ನೋಡಿದರು. ನಂತರ ಕೈ ಚಾಚಿ ಸೆಲ್‌ನ ಮೈಯನ್ನು ಅಂಗೈಯಿಂದ ಮುಟ್ಟಿದರು, ಬಿಸಿಯಿದೆಯೇ ಎಂದು ನೋಡುವವರ ಹಾಗೆ.

"ತಣ್ಣಗೆ ಉಂಟು," ಎಂದರು, ಸೆರಗು ಸರಿಮಾಡಿಕೊಂಡು ತಮ್ಮನ ಜೊತೆ ಬಸ್‌ಸ್ಟಾಂಡಿನ ಕಡೆ ನಡೆದರು.